ಇನ್ನೂರ ಹನ್ನೆರಡು ಕಿಲೋಮೀಟರ್

ಮಾರ್ಚ್ ೧೦, ಸೋಮವಾರ

ಆಫೀಸಿನ ನೋಟ್‌ಬುಕ್ಕಿನಲ್ಲಿ ಬರೆದರೆ ಆಡಿಟ್‌ನವರು ಓದುತ್ತಾರೆ. ಅಮ್ಮನ ಹತ್ತಿರ ಹೇಳಿದರೆ ಸಂಜೆಯೊಳಗೆ ನಮ್ಮೂರು ಕೊಟ್ಟೂರಿಗೆ ಮುಟ್ಟುತ್ತದೆ. ಹಾಗಾಗಿ ಈ ಡೈರಿ. ಬ್ಯಾಂಕಿನವರು ಕೊಟ್ಟದ್ದು, ಜನವರಿಯಿಂದ ಖಾಲಿ ಬಿದ್ದಿತ್ತು.

ನಾಲ್ಕನೇ ಆವೃತ್ತಿ ಸಿದ್ಧವಾಯಿತು. ಎಂಟು ತಿಂಗಳ ಕೆಲಸ. ಕಾರು ಮಾಡುವವರು ಬೇರೆ. ಅದರ ಬ್ಯಾಟರಿ ಎಷ್ಟು ತುಂಬಬೇಕು, ಎಲ್ಲಿಗೆ ಸಾಕು ಎನ್ನಬೇಕು ಎಂದು ಹೇಳುವ ಸಾಫ್ಟ್‌ವೇರ್ ಮಾತ್ರ ನಮ್ಮದು. ಹೋದ ಮೇ ತಿಂಗಳಲ್ಲಿ ಕಲಬುರಗಿಯಿಂದ ಒಂದು ಬ್ಯಾಟರಿ ವಾಪಸ್ ಬಂದಿತ್ತು. ಬಿಚ್ಚಿ ನೋಡಿದರೆ ಒಳಗಿನ ಸೆಲ್‌ಗಳು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿದ್ದವು. ಬಿರುಬಿಸಿಲಲ್ಲಿ ಪೂರ್ತಿ ತುಂಬಿಸಿ ನಿಲ್ಲಿಸಿದರೆ ಹೀಗಾಗುತ್ತದೆ. ಇನ್ನೂ ಬೆಂಕಿ ಹತ್ತಿಲ್ಲ ಎನ್ನುವುದು ನಮ್ಮ ಪುಣ್ಯ, ಜಾಣತನವಲ್ಲ. ಹೊಸ ಆವೃತ್ತಿ ಬ್ಯಾಟರಿಯನ್ನು ನೂರಕ್ಕೆ ತೊಂಬತ್ತಾರರಷ್ಟು ತುಂಬಿಸಿ ನಿಲ್ಲಿಸುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ಇನ್ನೂರ ಹನ್ನೆರಡು ಕಿಲೋಮೀಟರ್ ಎಂದು ಜಾಹೀರಾತಿನಲ್ಲಿದೆ. ಅದು ಇನ್ನೂರ ಮೂರಕ್ಕೆ ಇಳಿಯುತ್ತದೆ. ಒಂಬತ್ತು ಕಿಲೋಮೀಟರ್ ಹೋದರೆ ಹೋಗಲಿ ಎಂದು ಮೇಲಿನವರು ಒಪ್ಪಿಯೂ ಆಗಿದೆ.

ನಾಳೆಯಿಂದ ರಸ್ತೆ ಪರೀಕ್ಷೆ. ಪೀಣ್ಯದಿಂದ ಕ್ಯಾತ್ಸಂದ್ರ ಟೋಲ್‌ವರೆಗೆ ಹೋಗಿ ಬರುವುದು, ನೂರಹತ್ತು ಕಿಲೋಮೀಟರ್. ಎಷ್ಟು ಚಾರ್ಜ್ ಖರ್ಚಾಯಿತು ನೋಡಿ, ಪೂರ್ತಿ ಬ್ಯಾಟರಿಗೆ ಎಷ್ಟು ದೂರ ಬರುತ್ತದೆ ಎಂದು ಲೆಕ್ಕ ಹಾಕುವುದು. ಆರು ವರ್ಷದಿಂದ ಇದೇ ರಸ್ತೆ, ನಿಯಮ ಬರೆದ ಇದೇ ಹಾಳೆ. ಟೆಸ್ಟ್ ಡ್ರೈವರ್ ಬೈರಪ್ಪ ಇವತ್ತು ಕಣ್ಣಿನ ಪೊರೆ ತೆಗೆಸಿಕೊಂಡನಂತೆ, ನಾಲ್ಕು ವಾರ ರಜೆ. ಏಜೆನ್ಸಿಯವರು ಯಮುನಾ ಎಂಬ ಹೆಂಗಸನ್ನು ಕಳಿಸಿದ್ದಾರೆ, ಹತ್ತು ವರ್ಷ ಕ್ಯಾಬ್ ಓಡಿಸಿದವಳು. ಇದರಿಂದ ಕೆಲಸಕ್ಕೇನೂ ತೊಂದರೆಯಿಲ್ಲ.

ಮಾರ್ಚ್ ೧೧, ಮಂಗಳವಾರ

ನೂರ ಎಪ್ಪತ್ತೊಂದು.

ಟೈರಿನ ಗಾಳಿ ನೋಡಿದೆ, ಸರಿಯಿದೆ. ಪ್ರಯಾಣಿಕರ ತೂಕಕ್ಕೆಂದು ಇಡುವ ಎರಡು ಮರಳಿನ ಮೂಟೆಗಳನ್ನು ಮತ್ತೆ ತೂಗಿಸಿದೆ, ಸರಿಯಿವೆ. ಎಸಿ ಇಪ್ಪತ್ನಾಲ್ಕರಲ್ಲೇ ಇತ್ತು. ನಾಳೆ ಇನ್ನೊಮ್ಮೆ.

ಮಾರ್ಚ್ ೧೨, ಬುಧವಾರ

ನೂರ ಎಪ್ಪತ್ತು.

ಅಮರೇಶ್ ಕರೆದರು. ಇಲ್ಲಿ ಅವರೇ ಮುಖ್ಯಸ್ಥರು, ಕೂಗಾಡುವವರಲ್ಲ. ಬೈದಿದ್ದರೇ ಚೆನ್ನಾಗಿತ್ತು. ಒಂಬತ್ತು ಹೋಗುತ್ತದೆ ಎಂದವಳು ನೀನು, ನಲವತ್ತು ಹೋಗಿದೆ, ಈ ನಂಬರು ಹಿಡಿದುಕೊಂಡು ಐದು ಸಾವಿರದ ನಾನ್ನೂರು ಕಾರುಗಳಿಗೆ ಅಪ್‌ಡೇಟ್ ಕಳಿಸಿದರೆ ಜನ ಗೇಟಿನ ಮುಂದೆ ಬಂದು ಕೂರುತ್ತಾರೆ ಎಂದರು. ಏಪ್ರಿಲ್ ಹತ್ತಕ್ಕೆ ತೀರ್ಮಾನದ ಮೀಟಿಂಗು. ಅಷ್ಟರಲ್ಲಿ ತಪ್ಪು ಸಿಗದಿದ್ದರೆ ನಾಲ್ಕನೇ ಆವೃತ್ತಿ ಮಳೆಗಾಲ ಮುಗಿಯುವವರೆಗೆ ಪೆಟ್ಟಿಗೆಯಲ್ಲಿ. ಅಂದರೆ ಏಪ್ರಿಲ್, ಮೇ ಎರಡೂ ತಿಂಗಳು ಎಲ್ಲ ಕಾರುಗಳೂ ಹಳೆಯ ಹಾಗೇ ಪೂರ್ತಿ ತುಂಬಿಕೊಂಡು ಬಿಸಿಲಲ್ಲಿ ನಿಲ್ಲುತ್ತವೆ.

ತಪ್ಪು ಸಿಗುತ್ತದೆ ಎಂದೆ. ಸಿಗದೆ ಎಲ್ಲಿ ಹೋಗುತ್ತದೆ?

ಮಾರ್ಚ್ ೧೪, ಶುಕ್ರವಾರ

ಯಮುನಾಳನ್ನು ಕರೆದು ಕೇಳಿದೆ. ಸ್ಪೀಡು ಎಂಬತ್ತು ಮೀರಬಾರದು ಎಂದು ಹಾಳೆಯಲ್ಲಿದೆ, ಮೀರಿದಿರಾ? ಇಲ್ಲ. ದಾರಿ ಬದಲಿಸಿದಿರಾ? ಇಲ್ಲ. ಎಲ್ಲಾದರೂ ನಿಲ್ಲಿಸಿ ಎಸಿ ಹಾಕಿಕೊಂಡು ಮಲಗಿದಿರಾ? ಈ ಕೊನೆಯ ಪ್ರಶ್ನೆ ಕೇಳಬಾರದಿತ್ತು. ಆ ಹೆಂಗಸು, ತಾನು ಒಂದೂ ಮುಕ್ಕಾಲು ಗಂಟೆಯಲ್ಲಿ ಹೋಗಿ ಬಂದಿರುವುದಾಗಿಯೂ, ಅದರಲ್ಲಿ ಮಲಗಲು ಯಾವಾಗ ಸಾಧ್ಯವೆಂದು ನಾನೇ ಲೆಕ್ಕ ಹಾಕಬಹುದೆಂದೂ ಹೇಳಿದಳು. ಬಾಯಿ ಜೋರು. ಲೆಕ್ಕ ಮಾತ್ರ ಸರಿ.

ಬೈರಪ್ಪನಿಗೆ ಇದೇ ದಾರಿಗೆ ಎರಡೂವರೆ ಗಂಟೆ ಬೇಕಿತ್ತು. ದಾಬಸ್‌ಪೇಟೆಯಲ್ಲಿ ತಟ್ಟೆ ಇಡ್ಲಿ ತಿಂದು ಬರುತ್ತಾನೆ ಎಂದು ಆಫೀಸಿನಲ್ಲೆಲ್ಲ ಆಡಿಕೊಳ್ಳುತ್ತಾರೆ.

ಮಾರ್ಚ್ ೧೮, ಮಂಗಳವಾರ

ಬ್ರೇಕ್ ಹಿಡಿದಾಗ ಸ್ವಲ್ಪ ಕರೆಂಟು ವಾಪಸ್ ಬ್ಯಾಟರಿಗೆ ಬರುತ್ತದೆ. ಎಷ್ಟು ಬರಬೇಕು ಎಂದು ನಿರ್ಧರಿಸುವುದೂ ನಮ್ಮ ಸಾಫ್ಟ್‌ವೇರೇ. ಹೊಸ ಆವೃತ್ತಿಯಲ್ಲಿ ಆ ಭಾಗವನ್ನು ಮುಟ್ಟಿದ್ದೇನೆ. ಅಲ್ಲೇ ಎಲ್ಲೋ ಸೋರುತ್ತಿರಬೇಕು. ಬ್ಯಾಟರಿಯಿಂದ ಹೊರಗೆ ಬರುವ ಒಟ್ಟು ಶಕ್ತಿ ಲೆಕ್ಕದಂತೆ ನೂರಕ್ಕೆ ನಾಲ್ಕು ಮಾತ್ರ ಕಡಿಮೆಯಿದೆ, ಆದರೆ ಪ್ರತಿ ಕಿಲೋಮೀಟರಿಗೆ ಖರ್ಚು ಜಾಸ್ತಿ. ಬಾಗಿಲು ಗೊತ್ತಾಯಿತು, ಇನ್ನು ಕಳ್ಳನನ್ನು ಹಿಡಿಯುವುದೊಂದೇ.

ಮಧ್ಯಾಹ್ನ ಗ್ರಾಹಕರ ಪತ್ರ ಮೂರು ಬಂದಿದ್ದವು. ಮೂವರದೂ ಒಂದೇ ರಾಗ: ಇನ್ನೂರ ಹನ್ನೆರಡು ಎಂದಿರಿ, ನಮಗೆ ನೂರ ಎಂಬತ್ತು ದಾಟುವುದಿಲ್ಲ. ಇವರಿಗೆಲ್ಲ ಇನ್ನೂ ಹೊಸ ಆವೃತ್ತಿ ಹೋಗಿಯೇ ಇಲ್ಲ. ಎಂದಿನ ಉತ್ತರ ಕಳಿಸಿದೆ: ‘ತಮ್ಮ ಚಾಲನಾ ಶೈಲಿಯನ್ನು ಸುಧಾರಿಸಿಕೊಂಡಲ್ಲಿ ಘೋಷಿತ ದೂರ ದೊರೆಯುತ್ತದೆ.’ ಆರು ವರ್ಷದ ಹಿಂದೆ ನಾನೇ ಬರೆದ ವಾಕ್ಯ. ಒಂದು ಅಕ್ಷರ ಬದಲಿಸುವ ಅಗತ್ಯ ಬಂದಿಲ್ಲ.

ಮಾರ್ಚ್ ೨೧, ಶುಕ್ರವಾರ

ತಲೆ ಕೆಟ್ಟಿತು. ವಾಪಸ್ ಬರುತ್ತಿರುವ ಕರೆಂಟು ಹಿಂದಿಗಿಂತ ಜಾಸ್ತಿ ಇದೆ! ಸುಮಾರು ಎರಡರಷ್ಟು. ಜಾಸ್ತಿ ವಾಪಸ್ ಬಂದರೆ ದೂರ ಹೆಚ್ಚಬೇಕು. ಇಲ್ಲಿ ಕಡಿಮೆಯಾಗುತ್ತಿದೆ. ಹಳೆಯ ಪರೀಕ್ಷೆಗಳ ಲಾಗ್, ಅಂದರೆ ಕ್ಷಣಕ್ಷಣದ ದಾಖಲೆ, ಇಟ್ಟುಕೊಂಡಿಲ್ಲ, ಒಟ್ಟು ಮೊತ್ತ ಮಾತ್ರ ಇದೆ. ನಂಬರು ಚೆನ್ನಾಗಿ ಬಂದಾಗ ಲಾಗ್ ಯಾರು ನೋಡುತ್ತಾರೆ?

ಊಟಕ್ಕೆ ಕೂತಾಗಲೂ ಲ್ಯಾಪ್‌ಟಾಪ್ ನೋಡುತ್ತಿದ್ದೆನಂತೆ. ಅಮ್ಮ ತಟ್ಟೆ ಎಳೆದುಕೊಂಡಳು. “ರೊಟ್ಟಿ ಆರಿ ಕಲ್ಲಾತು. ಆ ಬ್ಯಾಟ್ರಿಗೆ ಕರೆಂಟ್ ತುಂಬಾದು ಆಮ್ಯಾಲ, ಮೊದ್ಲು ನೀ ತುಂಬ್ಕೋ” ಎಂದಳು. ನಾನು ರೇಗಿದೆ. ಅವಳು ಹೋಗಿ ಮಲಗಿದಳು.

ಮಾರ್ಚ್ ೨೫, ಮಂಗಳವಾರ

ಸಿಕ್ಕಿಲ್ಲ. ನೂರ ಎಪ್ಪತ್ತೆರಡು.

ಮಾರ್ಚ್ ೨೭, ಗುರುವಾರ

ಎರಡನೇ ಬ್ಯಾಟರಿ ಬಂತು, ರಾಯಚೂರಿನಿಂದ. ಕಲಬುರಗಿಯದಕ್ಕಿಂತ ಹೆಚ್ಚು ಉಬ್ಬಿದೆ. ಒಂದು ಸೆಲ್ಲಿನ ಅಂಚು ಬಿರಿದಿತ್ತು, ಸಿಹಿ ಸಿಹಿ ವಾಸನೆ. ಆ ವಾಸನೆ ಬಂತೆಂದರೆ ಒಳಗಿನ ದ್ರವ ಸೋರಿದೆ, ಬೆಂಕಿಗೆ ಇನ್ನೊಂದೇ ಹೆಜ್ಜೆ. ಕಾರಿನ ಮಾಲೀಕರು ಶಾಲೆಯ ಮೇಷ್ಟ್ರು. ಮನೆಯ ಮುಂದಿನ ಪಡಸಾಲೆಗೆ ಒತ್ತಿ ನಿಲ್ಲಿಸಿ ಚಾರ್ಜ್ ಮಾಡುತ್ತಾರಂತೆ, ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಅಲ್ಲೇ ಹಾಸಿಕೊಂಡು ಮಲಗುತ್ತಾರಂತೆ. ಸರ್ವಿಸ್‌ನವರು ತೆಗೆದ ಫೋಟೋದಲ್ಲಿ ಕಾರಿನ ಪಕ್ಕ ಸುತ್ತಿಟ್ಟ ಚಾಪೆಗಳೂ ಕಾಣುತ್ತವೆ.

ಅಮರೇಶರಿಗೆ ಫೋಟೋ ತೋರಿಸಿ, ದೂರ ಹಾಳಾಗಿ ಹೋಗಲಿ, ಈಗಲೇ ಅಪ್‌ಡೇಟ್ ಕಳಿಸೋಣ ಎಂದೆ. ಕಾರಣ ಗೊತ್ತಿಲ್ಲದೆ ನಲವತ್ತು ಕಿಲೋಮೀಟರ್ ನುಂಗುವ ಸಾಫ್ಟ್‌ವೇರು ಇನ್ನೇನೇನು ಮಾಡುತ್ತದೋ ಯಾರಿಗೆ ಗೊತ್ತು, ದಾರಿಯ ಮಧ್ಯೆ ಕಾರು ನಿಂತರೆ ಅದಕ್ಕೂ ನೀನೇ ಫೋಟೋ ತರುತ್ತೀಯಾ ಎಂದು ಕೇಳಿದರು. ನಾನು ಅವರ ಕುರ್ಚಿಯಲ್ಲಿ ಕೂತಿದ್ದರೂ ಅದನ್ನೇ ಕೇಳುತ್ತಿದ್ದೆ.

ಮಾರ್ಚ್ ೨೮, ಶುಕ್ರವಾರ

ಮಾಡಬೇಕಾದದ್ದು ಮೊದಲ ದಿನದಿಂದಲೂ ಗೊತ್ತಿದೆ. ಹಳೆಯ ಆವೃತ್ತಿ ಹಾಕಿ ಅದೇ ಪರೀಕ್ಷೆ ಮಾಡಬೇಕು. ಆದರೆ ಒಮ್ಮೆ ಹೊಸದನ್ನು ಹಾಕಿದ ಕಾರು ಹಳೆಯದಕ್ಕೆ ಹಿಂತಿರುಗದಂತೆ ಬೀಗ ಹಾಕಿದವಳು ನಾನೇ. ನಮ್ಮ ಹತ್ತಿರ ಇರುವುದೂ ಒಂದೇ ಕಾರು. ಕಾರು ಮಾಡುವ ಕಂಪನಿಯಿಂದ ಇನ್ನೊಂದನ್ನು ತರಿಸಲು ಮೂರು ವಾರ.

ಸೆಕ್ಯುರಿಟಿಯ ಯಮನಪ್ಪ ಹೇಳಿದ: ಬೈರಪ್ಪನ ಮನೆಯಲ್ಲೇ ಇದೇ ಕಾರಿದೆಯಲ್ಲ ಮೇಡಂ, ಎರಡು ವರ್ಷ ಆಯ್ತಲ್ಲ ತಗೊಂಡು. ಬೈರಪ್ಪ ನಾನು ಆರು ವರ್ಷದಿಂದ ದಿನಾ ನೋಡುವ ಮನುಷ್ಯ. ನನಗೆ ಗೊತ್ತೇ ಇರಲಿಲ್ಲ.

ಮಾರ್ಚ್ ೨೯, ಶನಿವಾರ

ರಾಜಗೋಪಾಲನಗರದ ಒಳಗೆ, ಬೋರ್‌ವೆಲ್ ಅಂಗಡಿಯ ಹಿಂದೆ ಬೈರಪ್ಪನ ಮನೆ. ಮನೆಯೆಂದರೆ ಮೂರು ಮಹಡಿ, ಹದಿನಾಲ್ಕು ಬಾಡಿಗೆ ರೂಮು. ಎಲ್ಲ ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುವ ಹುಡುಗರು. ಊರು ಇವರದೇ, ನಾವೆಲ್ಲ ಆಮೇಲೆ ಬಂದವರು. ಇಷ್ಟೆಲ್ಲ ಇರುವವನು ಏಜೆನ್ಸಿಯ ಸಂಬಳಕ್ಕೆ ಬೆಳಿಗ್ಗೆ ಆರಕ್ಕೇ ಬಂದು ಗೇಟಿನಲ್ಲಿ ನಿಲ್ಲುವುದು ಯಾಕೆ ಎಂದು ತಿಳಿಯಲಿಲ್ಲ. ಅವನ ಹೆಂಡತಿ ಲಕ್ಷ್ಮಮ್ಮನವರೇ ಹೇಳಿದರು, ನಾನು ಕೇಳದಿದ್ದರೂ. ಡ್ರೈವಿಂಗೇ ಅವನ ಪ್ರಾಣವಂತೆ. ನಾಲ್ಕು ವಾರ ಮನೆಯಲ್ಲಿ ಕೂರಿಸಿದ್ದಕ್ಕೆ ಮಾತು ಬಿಟ್ಟಿದ್ದಾನಂತೆ, ಮುದ್ದೆಯನ್ನೂ ಅರ್ಧಕ್ಕೆ ಬಿಟ್ಟು ಏಳುತ್ತಾನಂತೆ.

ಬೈರಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ವಿಷಯ ಹೇಳಿದೆ. ಹೊಸ ಸಾಫ್ಟ್‌ವೇರಿನಲ್ಲಿ ದೂರ ಬರುತ್ತಿಲ್ಲ, ನಿಮ್ಮ ಕಾರು ಎರಡು ದಿನಕ್ಕೆ ಬೇಕು. ನೂರ ಎಪ್ಪತ್ತು ಎಂದಾಗ ತನ್ನ ಮನೆಯಲ್ಲೇ ಏನೋ ಕಳುವಾದವನ ಹಾಗೆ ಎದ್ದು ನಿಂತ. ಅವನ ಕಾರಿಗೆ ಇನ್ನೂರ ಹದಿನೈದೂ ಬಂದಿದೆಯಂತೆ. ಕ್ಯಾಲೆಂಡರಿನ ಮೇಲೆ ಪ್ರತಿ ತಿಂಗಳೂ ಬರೆದಿಟ್ಟಿದ್ದಾನೆ, ತೋರಿಸಿದ.

“ಇವ್ರ ಕಾರಲ್ಲಿ ಮದ್ವೆಗೆ ಹೋದ್ರೆ ಮುಹೂರ್ತ ಸಿಕ್ಕಾಕಿಲ್ಲ ಮೇಡಂ, ಊಟ ಮಾತ್ರ ಸಿಗ್ತದೆ” ಎಂದು ಲಕ್ಷ್ಮಮ್ಮ ನಕ್ಕರು. ನಾನೂ ನಕ್ಕೆ. ಬೈರಪ್ಪ ನಗಲಿಲ್ಲ.

ಕೀ ಕೊಟ್ಟ, ಒಂದು ಷರತ್ತಿನ ಮೇಲೆ. ಓಡಿಸಲು ಡಾಕ್ಟರು ಬಿಡುವುದಿಲ್ಲ, ಪಕ್ಕದಲ್ಲಿ ಕೂರುತ್ತಾನೆ. ಬರುವಾಗ ಲಕ್ಷ್ಮಮ್ಮ ನಾಳಿನ ಹಬ್ಬಕ್ಕೆಂದು ಬೇವಿನ ಸೊಪ್ಪು, ಮಾವಿನ ಸೊಪ್ಪು ಕಟ್ಟಿಕೊಟ್ಟರು.

ಏಪ್ರಿಲ್ ೧, ಮಂಗಳವಾರ

ಬರೆಯಬೇಕಾದದ್ದು ಬಹಳ ಇದೆ. ಒಂದೊಂದಾಗಿ ಬರೆಯುತ್ತೇನೆ.

ಬೆಳಿಗ್ಗೆ ಆರೂವರೆಗೆ ಹೊರಟೆವು. ಬೈರಪ್ಪನ ಕಾರು, ಹಳೆಯ ಆವೃತ್ತಿ, ಯಮುನಾ ಸ್ಟೀರಿಂಗಿನಲ್ಲಿ, ಬೈರಪ್ಪ ಅವಳ ಪಕ್ಕ, ನಾನು ಹಿಂದೆ. ಮರಳಿನ ಮೂಟೆಗಳ ಬದಲು ನಾವಿಬ್ಬರು. ಆರು ವರ್ಷದಲ್ಲಿ ಈ ಪರೀಕ್ಷೆಗೆಂದು ನಾನು ಕಾರಿನೊಳಗೆ ಕೂತದ್ದು ಇದೇ ಮೊದಲು. ಕೂರುವ ಅಗತ್ಯವಿದೆ ಎಂದು ಅನಿಸಿರಲೇ ಇಲ್ಲ.

ಯಮುನಾ ಚೆನ್ನಾಗಿ ಓಡಿಸುತ್ತಾಳೆ. ಎಲ್ಲರೂ ಓಡಿಸುವ ಹಾಗೆ. ಖಾಲಿ ರಸ್ತೆ ಸಿಕ್ಕರೆ ಎಂಬತ್ತು, ಮುಂದೆ ಲಾರಿ ಬಂದರೆ ಹತ್ತಿರ ಹೋಗಿ ಬ್ರೇಕು, ಹಾರನ್ನು, ಪಕ್ಕದಿಂದ ದಾಟುವುದು, ಮತ್ತೆ ಎಂಬತ್ತು. ನಾನು ಬೈರಪ್ಪನ ಬಲಗಾಲು ನೋಡುತ್ತಿದ್ದೆ. ಅವಳು ಬ್ರೇಕ್ ತುಳಿಯುವ ಎಷ್ಟೋ ಮೊದಲೇ ಅವನ ಪಾದ ಮೇಲೆದ್ದು ಗಾಳಿಯಲ್ಲಿ ನಿಂತಿರುತ್ತಿತ್ತು. ನೆಲಮಂಗಲದ ಟೋಲ್ ಇನ್ನೂ ಅರ್ಧ ಕಿಲೋಮೀಟರ್ ಇರುವಾಗಲೇ ಕಾಲು ಎತ್ತಿದ. ಇಳಿಜಾರು ಮುಗಿಯುವವರೆಗೆ ಕೆಳಗಿಡಲಿಲ್ಲ. ಕಾರು ಮಾತ್ರ ಅವಳ ಮಾತು ಕೇಳುತ್ತಿತ್ತು. ಅವನು ಒಂದೇ ಒಂದು ಸಲ ಯಮುನಾಳನ್ನು ಕೇಳಿದ: ಯಾವಾಗ್ಲೂ ಇಂಗೇ ಓಡಿಸ್ತೀಯೇನವ್ವಾ? ಎಲ್ಲರೂ ಹಿಂಗೇ ಅಲ್ವಾ ಅಣ್ಣ ಓಡ್ಸೋದು ಎಂದಳು ಅವಳು. ಅವನು ಕಿಟಕಿಯ ಕಡೆ ತಿರುಗಿದ.

ದಾಬಸ್‌ಪೇಟೆಯಲ್ಲಿ ನಿಮ್ಮ ಇಡ್ಲಿ ಹೋಟೆಲ್ ಯಾವುದು ಎಂದು ತಮಾಷೆಗೆ ಕೇಳಿದೆ. ಟೆಸ್ಟಿನ ಗಾಡಿಯನ್ನು ತಾನು ಒಂದು ದಿನವೂ ದಾರಿಯಲ್ಲಿ ನಿಲ್ಲಿಸಿಲ್ಲ ಎಂದ. ಎರಡೂವರೆ ಗಂಟೆ ಪೂರ್ತಿ ಓಡಿಸಿದ್ದೇ. ಎಡಗಡೆಯ ಲೇನಿನಲ್ಲಿ, ಲಾರಿಗಳ ಹಿಂದೆ, ಐವತ್ತು ಐವತ್ತೈದರಲ್ಲಿ. ಹಾಳೆಯಲ್ಲಿ ಎಂಬತ್ತು ಮೀರಬಾರದು ಎಂದಿದೆ. ಎಂಬತ್ತು ಮುಟ್ಟಬೇಕು ಎಂದಿಲ್ಲ. ಹಾಳೆ ಮಾಡಿದವಳು ನಾನು. ಬಿಸಿಲೆಷ್ಟು, ಗಾಳಿಯೆಷ್ಟು, ತೂಕವೆಷ್ಟು, ಯಾವ ಆವೃತ್ತಿ, ಎಲ್ಲಕ್ಕೂ ಜಾಗ ಮಾಡಿದ್ದೆ. ಓಡಿಸಿದವರು ಯಾರು ಎಂಬುದಕ್ಕೆ ಮಾಡಿರಲಿಲ್ಲ.

ಪೀಣ್ಯಕ್ಕೆ ಬಂದು ಗೇಟಿನ ಒಳಗೇ ಲೆಕ್ಕ ಹಾಕಿದೆ. ಹಳೆಯ ಆವೃತ್ತಿಗೆ ನೂರ ಎಪ್ಪತ್ತೊಂಬತ್ತು. ಹೊಸದಕ್ಕೆ ನೂರ ಎಪ್ಪತ್ತೊಂದು, ಎಪ್ಪತ್ತೆರಡು. ವ್ಯತ್ಯಾಸ ಏಳೆಂಟು ಕಿಲೋಮೀಟರ್, ನೂರಕ್ಕೆ ನಾಲ್ಕು, ನಾನು ಹೇಳಿದಷ್ಟೇ. ಸಾಫ್ಟ್‌ವೇರಿನಲ್ಲಿ ತಪ್ಪೇ ಇರಲಿಲ್ಲ. ಯಮುನಾ ಪದೇ ಪದೇ ಬ್ರೇಕ್ ಹಿಡಿದದ್ದಕ್ಕೇ ಕರೆಂಟು ಜಾಸ್ತಿ ವಾಪಸ್ ಬಂದದ್ದು. ಮೂರು ವಾರ ಅದನ್ನು ಕೋಡಿನಲ್ಲಿ ಹುಡುಕಿದೆ.

ನಾನು ಬಾಯಿ ಬಿಡುವ ಮೊದಲೇ ಬೈರಪ್ಪನವರಿಗೆ ಗೊತ್ತಾಗಿತ್ತು. ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

“ಮೇಡಂ, ನಿಮ್ ಸಾಫ್ಟ್‌ವೇರ್‌ನಾಗೆ ಏನೂ ಐಬಿಲ್ಲ. ಆ ಇನ್ನೂರ ಹನ್ನೆರಡು ಬ್ಯಾಟ್ರಿದಲ್ಲ. ನನ್ ಕಾಲಿಂದು.”

ಆಗಿನ ಸಾಹೇಬರು ಮೊದಲ ದಿನ ಕೀ ಕೊಟ್ಟು ಹುಷಾರಾಗಿ ಓಡಿಸಿ ಬೈರಪ್ಪ ಎಂದಿದ್ದರಂತೆ. ಹುಷಾರಾಗಿ ಓಡಿಸುವುದೇ ಕೆಲಸವೆಂದು ತಿಳಿದರಂತೆ. ಪ್ರತಿ ಸಲ ನಂಬರು ಒಂದೆರಡು ಏರಿದಾಗ ನಾವೆಲ್ಲ ಭೇಷ್ ಎನ್ನುತ್ತಿದ್ದೆವಲ್ಲ, ಅದು ತಮಗೇ ಹೇಳಿದ್ದು ಎಂದುಕೊಂಡಿದ್ದರಂತೆ. ನಾವು ಸಾಫ್ಟ್‌ವೇರಿಗೆ ಹೇಳುತ್ತಿದ್ದೆವು.

ಯಮುನಾಳ ಕ್ಷಮೆ ಕೇಳಿದೆ. ಇರಲಿ ಬಿಡಿ ಮೇಡಂ ಎಂದಳು.

ಏಪ್ರಿಲ್ ೨, ಬುಧವಾರ

ಪತ್ರಗಳ ಫೈಲು ತೆರೆದೆ. ನೂರ ಎಂಬತ್ತು ದಾಟುವುದಿಲ್ಲ ಎಂದು ಬರೆದವರು ಆರು ವರ್ಷದಲ್ಲಿ ನಾನ್ನೂರ ಹನ್ನೊಂದು ಜನ. ನಾನ್ನೂರ ಹನ್ನೊಂದು ಜನಕ್ಕೂ ನಿಮ್ಮ ಚಾಲನಾ ಶೈಲಿ ಸರಿಯಿಲ್ಲ ಎಂದು ಬರೆದಿದ್ದೇನೆ. ಹಾಸನದ ಒಬ್ಬರು ಮೂರು ಸಲ ಬರೆದಿದ್ದರು, ಮೂರನೇ ಸಲ ನಾನು ನಲವತ್ತು ವರ್ಷ ಕೆಎಸ್ಸಾರ್ಟಿಸಿ ಬಸ್ ಓಡಿಸಿದ್ದೇನಮ್ಮ ಎಂದು ಸೇರಿಸಿ. ಅವರಿಗೂ ಅದೇ ವಾಕ್ಯ. ನಾಚಿಕೆಯಾಯಿತು. ಇದನ್ನು ಇಲ್ಲಲ್ಲದೆ ಬೇರೆಲ್ಲೂ ಬರೆಯಲಾರೆ.

ಅಮರೇಶರಿಗೆ ಎಲ್ಲ ಹೇಳಿದೆ. ಅವರ ಮುಖ ಅರಳಿತು, ಅದು ನನಗೆ ಹಿಡಿಸಲಿಲ್ಲ. “ಅಂದ್ರೆ ಸಾಫ್ಟ್‌ವೇರ್ ಸರಿ ಇದೆ. ಬೈರಪ್ಪಂಗೆ ಎಂಟನೇ ತಾರೀಕು ಡಾಕ್ಟ್ರು ಬಿಡ್ತಾರೆ ತಾನೆ? ಅವ್ರೇ ಓಡಿಸ್ಲಿ. ಇನ್ನೂರ ಮೂರು ಬರತ್ತೆ. ಹತ್ತಕ್ಕೆ ಮೀಟಿಂಗು, ಹನ್ನೆರಡಕ್ಕೆ ಅಪ್‌ಡೇಟ್ ಹೋಗತ್ತೆ. ಸುಳ್ಳು ಎಲ್ಲಿದೆ ನಿವೇದಿತಾ, ನೀನೇ ಹೇಳು.”

ಸುಳ್ಳು ಎಲ್ಲೂ ಇಲ್ಲ. ಕಾರು ಅದೇ, ರಸ್ತೆ ಅದೇ, ಹಾಳೆಯೂ ಅದೇ. ರಾಯಚೂರಿನ ಮೇಷ್ಟ್ರ ಮನೆ ಉಳಿಯುತ್ತದೆ, ಬೈರಪ್ಪನವರ ಸೀಟು ಉಳಿಯುತ್ತದೆ, ವರದಿಗಳ ಮೇಲೆ ನನ್ನ ಅಂತಿಮ ಸಹಿಯೂ ಉಳಿಯುತ್ತದೆ. ನಿಜ ಹೇಳಿದರೆ ಇನ್ನೂರ ಹನ್ನೆರಡು ಎಂದು ಆರು ವರ್ಷ ಕಾರು ಮಾರಿದ್ದು ಏನೆಂದು ಕೇಳುತ್ತಾರೆ, ಡ್ರೈವರ್ ಗೋಲ್‌ಮಾಲ್ ಮಾಡಿದ ಎಂದು ಮುಗಿಸುತ್ತಾರೆ. ಆಮೇಲೆ ಅವರನ್ನು ಯಾರೂ ಸ್ಟೀರಿಂಗ್ ಮುಟ್ಟಲು ಬಿಡುವುದಿಲ್ಲ.

ಯೋಚಿಸುತ್ತೇನೆ ಎಂದೆ.

ಏಪ್ರಿಲ್ ೪, ಶುಕ್ರವಾರ

ಯೋಚಿಸುತ್ತಿದ್ದೇನೆ. ಇನ್ನೂರ ಮೂರು ಎಂದು ನಂಬಿ ಒಂದು ಸಂಸಾರ ನೂರ ತೊಂಬತ್ತು ಕಿಲೋಮೀಟರಿನ ಊರಿಗೆ ಹೊರಟರೆ ಹದಿನೆಂಟು ಕಿಲೋಮೀಟರ್ ಮೊದಲೇ ರಸ್ತೆಯಲ್ಲಿ ನಿಲ್ಲುತ್ತದೆ. ಹಾಗೆ ನಿಂತವರು ಈಗಾಗಲೇ ಇದ್ದಾರೆ, ಫೈಲಿನಲ್ಲಿದ್ದಾರೆ.

ಮನೆಗೆ ಬರಲು ಇವತ್ತು ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯಿತು. ಟ್ರಾಫಿಕ್ಕೇನೂ ಇರಲಿಲ್ಲ. ಹಿಂದಿನವರೆಲ್ಲ ಸುಮ್ಮಸುಮ್ಮನೆ ಹಾರನ್ ಹೊಡೆಯುತ್ತಿದ್ದರು. ಅಮ್ಮನ ಜೊತೆ ಕೂತು ಬಿಸಿ ರೊಟ್ಟಿ ತಿಂದೆ.

ಏಪ್ರಿಲ್ ೮, ಮಂಗಳವಾರ

ಆರು ಗಂಟೆಗೇ ಬೈರಪ್ಪನವರು ಗೇಟಿನಲ್ಲಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಗೆ ಕುಂಕುಮ. ಅಮರೇಶ್ ಖುದ್ದಾಗಿ ಬಂದು ಅವರ ಕೈಗೆ ಕೀ ಕೊಟ್ಟರು, ಎಂದಿನ ಹಾಗೆ ಓಡಿಸಿ ಅಷ್ಟೇ ಎಂದರು. ನಾನು ಒಂದು ಮೂಟೆ ಇಳಿಸಿ ಪಕ್ಕದಲ್ಲಿ ಕೂತೆ.

ಗೊರಗುಂಟೆಪಾಳ್ಯದ ಟ್ರಾಫಿಕ್ ಬೇಡ ಎಂದು ಒಳರಸ್ತೆಯಿಂದ ಹೈವೇಗೆ ಬಂದರು. ಅವರು ಓಡಿಸುವುದನ್ನು ಮೊದಲ ಸಲ ನೋಡಿದೆ. ನೀರು ತುಂಬಿದ ಕೊಡ ತೊಡೆಯ ಮೇಲಿಟ್ಟುಕೊಂಡರೂ ತುಳುಕುತ್ತಿರಲಿಲ್ಲ. ಮಾದಾವರ ದಾಟಿದ ಮೇಲೆ ಕೇಳಿದರು:

“ಮೇಡಂ, ನೀವ್ ಯೋಳಿ. ಎಂಗೆ ಓಡಿಸ್ಲಿ?”

ಆರು ದಿನ ಯೋಚಿಸಿದ್ದೆ. ಎಲ್ಲರೂ ಓಡಿಸುವ ಹಾಗೆ ಓಡಿಸಿ ಎಂದೆ. ಹಾಗೆ ಓಡಿಸಿದರೆ ಏನಾಗುತ್ತದೆ ಎನ್ನುವುದನ್ನೂ ಮುಚ್ಚಿಡದೆ ಹೇಳಿದೆ: ಇನ್ನೂರ ಹನ್ನೆರಡು ಹೋಗುತ್ತದೆ, ನಿಮ್ಮ ಕೆಲಸವೂ ಹೋಗಬಹುದು, ಹೆಸರು ಕೆಡದ ಹಾಗೆ ನಾನು ನೋಡಿಕೊಳ್ಳುತ್ತೇನೆ, ಕೆಲಸ ಉಳಿಸುವುದು ನನ್ನ ಕೈಯಲ್ಲಿಲ್ಲ. ರಾಯಚೂರಿನ ಚಾಪೆಗಳ ವಿಷಯವನ್ನೂ ಹೇಳಿದೆ. ಅವರು ತಲೆಯಾಡಿಸಿದರು.

ಪ್ರಯತ್ನ ಮಾಡಿದರು. ನಾನೇ ಸಾಕ್ಷಿ. ಎಕ್ಸಲರೇಟರ್ ಒತ್ತಿದರು, ಅರವತ್ತೈದು ಆಗುತ್ತಿದ್ದ ಹಾಗೆ ಕಾಲು ತಾನಾಗಿಯೇ ಮೇಲೆದ್ದಿತು. ಬೈದುಕೊಂಡು ಮತ್ತೆ ಒತ್ತಿದರು. ಮುಂದೆ ಇಟ್ಟಿಗೆ ಲಾರಿ ಕಂಡಿತು, ಇನ್ನೂ ಫರ್ಲಾಂಗು ದೂರ ಇತ್ತು, ಆಗಲೇ ಬಿಟ್ಟರು. ಬ್ರೇಕ್ ಹಿಡೀರಿ ಎಂದೆ. ಹಿಡಿಯಾಕೆ ಏನೈತೆ ಮೇಡಂ, ತಾನೇ ನಿಲ್ತದಲ್ಲ ಎಂದರು. ನೆಲಮಂಗಲದ ಹತ್ತಿರ ಲೆಕ್ಕ ನೋಡಿದೆ, ನೂರ ತೊಂಬತ್ತೆಂಟರ ದಾರಿಯಲ್ಲಿತ್ತು. ಅವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು, ಎಸಿ ಇಪ್ಪತ್ನಾಲ್ಕರಲ್ಲಿ.

ಎಡಕ್ಕೆ ತೆಗೆದು ನಿಲ್ಲಿಸಿದರು. ಬಹಳ ನಿಧಾನ, ಯಾವಾಗ ನಿಂತಿತೆಂದೇ ಗೊತ್ತಾಗಲಿಲ್ಲ.

“ಕಾಲು ಕೇಳಾಕಿಲ್ಲ ಮೇಡಂ. ನೀವೇ ಓಡಿಸ್ಬುಡಿ.”

ಇಳಿದು ಈ ಕಡೆ ಬಂದು ನನ್ನ ಬಾಗಿಲು ತೆರೆದು ನಿಂತರು. ನಾನು ಸ್ವಲ್ಪ ಹೊತ್ತು ಏಳಲೇ ಇಲ್ಲ.

ಪೀಣ್ಯಕ್ಕೆ ಮರಳಿ, ಮತ್ತೆ ತುಂಬಿಸಿ, ಹನ್ನೊಂದೂವರೆಗೆ ಹೊಸದಾಗಿ ಹೊರಟೆವು. ಸ್ಟೀರಿಂಗಿನಲ್ಲಿ ನಾನು, ಪಕ್ಕದಲ್ಲಿ ಅವರು.

ನನ್ನ ನಂಬರು ನೂರ ಎಪ್ಪತ್ನಾಲ್ಕು.

ಏಪ್ರಿಲ್ ೧೦, ಗುರುವಾರ

ಮೀಟಿಂಗು ಮೂರು ಗಂಟೆ ನಡೆಯಿತು. ಹಳೆಯ ಆವೃತ್ತಿಗೆ ನೂರ ಎಪ್ಪತ್ತೊಂಬತ್ತು, ಹೊಸದಕ್ಕೆ ನೂರ ಎಪ್ಪತ್ತೆರಡು ಎಂದು ವರದಿ ಕೊಟ್ಟೆ. ಸಾಫ್ಟ್‌ವೇರಿನಲ್ಲಿ ದೋಷವಿಲ್ಲ ಎಂದು ತೀರ್ಮಾನವಾಯಿತು, ಶನಿವಾರ ಎಲ್ಲ ಕಾರುಗಳಿಗೂ ಅಪ್‌ಡೇಟ್ ಹೋಗುತ್ತದೆ. ಕಾರಣದ ಜಾಗದಲ್ಲಿ ‘ಚಾಲಕನ ಲೋಪ’ ಎಂದು ಬರೆ ಎಂದರು ಅಮರೇಶ್. ‘ಪರೀಕ್ಷಾ ವಿಧಾನದ ಲೋಪ’ ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಇನ್ನು ಮುಂದೆ ಅಂತಿಮ ಸಹಿ ನನ್ನದಲ್ಲ. ಪರವಾಗಿಲ್ಲ. ಪರವಾಗಿಲ್ಲ ಎಂದು ಎರಡು ಸಲ ಬರೆದರೆ ಪರವಾಗಿದೆ ಎಂದು ಅರ್ಥ ಇರಬೇಕು, ಇರಲಿ.

ಇನ್ನು ಮೇಲೆ ಪ್ರತಿ ಪರೀಕ್ಷೆಗೆ ಐದು ಜನ ಬೇರೆ ಬೇರೆ ಡ್ರೈವರುಗಳು, ಯಮುನಾ ಅವರಲ್ಲಿ ಒಬ್ಬಳು. ಬೈರಪ್ಪನವರನ್ನು ಸೇರಿಸಿ ಆರು ಮಾಡೋಣ ಎಂದು ಕೇಳಿದೆ. ಅವರ ನಂಬರು ಸರಾಸರಿಯನ್ನು ಕೆಡಿಸುತ್ತದೆ ಎಂದರು ಅಮರೇಶ್. ಲೆಕ್ಕದ ಪ್ರಕಾರ ಅದು ನಿಜ. ನಾನು ಎದ್ದು ಬಂದೆ.

ಸಂಜೆ ಗೇಟಿನಲ್ಲಿ ಬೈರಪ್ಪನವರು ಗುರುತಿನ ಚೀಟಿಯನ್ನು ಯಮನಪ್ಪನಿಗೆ ಕೊಡುತ್ತಿದ್ದರು. ಯಾರೂ ಕೇಳಿರಲಿಲ್ಲ, ತಾವೇ ಬಂದಿದ್ದರು. ನಾನೇ ಮನೆಗೆ ಬಂದು ಹೇಳಬೇಕೆಂದಿದ್ದೆ ಎಂದೆ. ಗೊತ್ತು ಬಿಡಿ ಮೇಡಂ ಎಂದರು. ರಾಯಚೂರಿನ ಮೇಷ್ಟ್ರಿಗೆ ಅಪ್‌ಡೇಟ್ ಯಾವಾಗ ಹೋಗುತ್ತದೆ ಎಂದು ಕೇಳಿದರು, ಶನಿವಾರ ಎಂದೆ. ಒಳ್ಳೇದಾಯ್ತು ಎಂದು ಎರಡು ಹೆಜ್ಜೆ ಹೋದವರು ನಿಂತರು. ತಿರುಗಲಿಲ್ಲ, ರಸ್ತೆಯ ಕಡೆಗೇ ಮುಖ.

“ಅದು ಬಂದಿದ್ದು ನಿಜ ತಾನೆ ಮೇಡಂ? ಇನ್ನೂರ ಹನ್ನೆರಡು. ಸುಳ್ಳಲ್ವಲ್ಲ?”

“ಸುಳ್ಳಲ್ಲ ಬೈರಪ್ಪನವರೇ, ಬಂದಿತ್ತು. ನಿಮಗೆ ಮಾತ್ರ ಬಂದಿತ್ತು.”

ಅಷ್ಟು ಸಾಕು ಎನ್ನುವ ಹಾಗೆ ತಲೆಯಾಡಿಸಿದರು. ಅವರು ರಸ್ತೆ ದಾಟಿ ಬಸ್ ಸ್ಟಾಪಿನಲ್ಲಿ ನಿಲ್ಲುವವರೆಗೂ ನಾನು ಗೇಟಿನಲ್ಲೇ ಇದ್ದೆ. ಕಣ್ಣು ತುಂಬಿ ಬಂತು. ಯಮನಪ್ಪ ಆ ಕಡೆ ತಿರುಗಿಕೊಂಡು ರಿಜಿಸ್ಟರಿನಲ್ಲಿ ಸಮಯ ಬರೆದ, ಐದು ಗಂಟೆ ನಲವತ್ತು ನಿಮಿಷ.